ಕಾಮಾ ದಾಟಿದ ಮೇಲೆ ಯಾರಿದ್ದಾರೆ? ಇಂಗ್ಲಿಷಿನ ಡ್ಯಾಂಗ್ಲಿಂಗ್ ಮಾಡಿಫೈಯರ್ ಸರಿಪಡಿಸುವುದು ಹೀಗೆ

ಕೆಲಸಕ್ಕೆ ಹಾಕುವ ಅರ್ಜಿಗಳಲ್ಲಿ ಇಂಥ ವಾಕ್ಯ ಮತ್ತೆ ಮತ್ತೆ ಸಿಗುತ್ತದೆ: ‘ಹ್ಯಾವಿಂಗ್ ವರ್ಕ್ಡ್ ಇನ್ ಸೇಲ್ಸ್ ಫಾರ್ ಫೈವ್ ಇಯರ್ಸ್, ಮೈ ಕಮ್ಯುನಿಕೇಶನ್ ಸ್ಕಿಲ್ಸ್ ಆರ್ ಸ್ಟ್ರಾಂಗ್.’ ಸ್ಪೆಲಿಂಗ್ ಸರಿ ಇದೆ. ಕಾಮಾ ಕೂಡ ಸರಿಯಾದ ಜಾಗದಲ್ಲಿದೆ. ಆದರೆ ಈ ವಾಕ್ಯದ ಪ್ರಕಾರ ಐದು ವರ್ಷ ಸೇಲ್ಸ್‌ನಲ್ಲಿ ದುಡಿದದ್ದು ‘ಸ್ಕಿಲ್ಸ್’, ಅರ್ಜಿ ಹಾಕಿದವರಲ್ಲ. ಶುರುವಿನಲ್ಲಿ ಒಂದು ಕೆಲಸದ ಮಾತು ಬಂತು, ಆ ಕೆಲಸ ಮಾಡಿದವರು ಮಾತ್ರ ವಾಕ್ಯದಲ್ಲಿ ಕರ್ತೃವಾಗಿ ಬರಲೇ ಇಲ್ಲ. ಇದೇ ಡ್ಯಾಂಗ್ಲಿಂಗ್ ಮಾಡಿಫೈಯರ್.

ಅರ್ಥ ಆಗುತ್ತದಲ್ಲ, ಸಾಕು ಅನ್ನುವವರು ತುಂಬಾ ಜನ. ಅರ್ಥ ಆಗುತ್ತದೆ ನಿಜ. ಆದರೆ ಓದುವವರು ಅರ್ಧದಲ್ಲಿ ನಿಂತು, ಹಿಂದೆ ಹೋಗಿ, ಯಾರು ಏನು ಮಾಡಿದರು ಅಂತ ತಾವೇ ಜೋಡಿಸಿಕೊಳ್ಳಬೇಕಾಗುತ್ತದೆ. ಆ ಕೆಲಸ ಬರೆಯುವವರದ್ದು, ಅಲ್ವಾ? ವ್ಯಾಕರಣದ ಪುಸ್ತಕಗಳು ಈ ಪಾಠಕ್ಕೆ ನಗು ಬರಿಸುವ ಉದಾಹರಣೆಗಳನ್ನೇ ಆರಿಸಿ ಕೊಡುತ್ತವೆ. ಅವನ್ನು ಯಾರು ಬೇಕಾದರೂ ಹಿಡಿಯುತ್ತಾರೆ. ಪತ್ರದಲ್ಲಿ, ವರದಿಯಲ್ಲಿ ಸಪ್ಪೆಯಾಗಿ ಕೂತಿರುವ ತಪ್ಪುಗಳೇ ಕಣ್ಣಿಗೆ ಬೀಳುವುದಿಲ್ಲ. ಅವನ್ನು ಹಿಡಿಯುವುದು ಹೇಗೆ ಎನ್ನುವುದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲ ಹೆಜ್ಜೆ: ಗುರುತು ಹಾಕಿ

‘ವಾಕಿಂಗ್’, ‘ಹ್ಯಾವಿಂಗ್’ ಥರದ ‘ಇಂಗ್’ ಪದಗಳಿಂದ, ‘ಬಾರ್ನ್’, ‘ರಿಟನ್’ ಥರದ ಪದಗಳಿಂದ, ‘ಆಫ್ಟರ್’, ‘ವೈಲ್’, ‘ಬೈ’, ‘ಆಸ್ ಎ’ಗಳಿಂದ ಶುರುವಾಗಿ ಒಂದು ಕಾಮಾ ಬರುವ ವಾಕ್ಯಗಳಿಗೆಲ್ಲ ಗೆರೆ ಎಳೆಯಿರಿ. ಇಷ್ಟೇ.

ಎರಡನೆಯ ಹೆಜ್ಜೆ: ‘ಯಾರು?’ ಅಂತ ಕೇಳಿ

ಜನ ಎಡವುವುದು ಇಲ್ಲೇ. ನಿಧಾನವಾಗಿ ಮಾಡಿ.

ಕಾಮಾಕ್ಕಿಂತ ಮುಂಚಿನ ಭಾಗ ಓದಿ, ಈ ಕೆಲಸ ಮಾಡಿದ್ದು ಯಾರು ಅಂತ ಕೇಳಿ. ಉತ್ತರವನ್ನು ತಲೆಯಲ್ಲಿಟ್ಟುಕೊಳ್ಳಬೇಡಿ, ಪಕ್ಕದಲ್ಲಿ ಬರೆಯಿರಿ. ಆಮೇಲೆ ಕಾಮಾ ದಾಟಿ, ಅಲ್ಲಿರುವ ಕರ್ತೃ ಯಾವುದು ನೋಡಿ. ಎರಡೂ ಒಂದೇ ಆಗಿದ್ದರೆ ವಾಕ್ಯ ಸರಿ. ಬೇರೆಯಾಗಿದ್ದರೆ ತಪ್ಪು. ಕೇಳುವುದಕ್ಕೆ ಸುಲಭ. ಆದರೆ ಕಣ್ಣಿಗೆ ಮಣ್ಣೆರಚುವ ಮೂರು ಜಾಗಗಳಿವೆ.

ಒಂದು, ‘ಮೈ’, ‘ಹರ್’, ‘ಹಿಸ್’. ‘ಬಾರ್ನ್ ಇನ್ 1950, ಹರ್ ಫಸ್ಟ್ ನಾವೆಲ್ ಕೇಮ್ ಔಟ್ ಇನ್ 1978.’ ‘ಹರ್’ ಅಂತ ಇದೆಯಲ್ಲ, ಲೇಖಕಿ ವಾಕ್ಯದಲ್ಲಿದ್ದಾರೆ ಅನ್ನಿಸುತ್ತದೆ. ಇಲ್ಲ. ‘ಹರ್’ ಬರೀ ಕಾದಂಬರಿ ಯಾರದ್ದು ಅಂತ ಹೇಳುತ್ತಿದೆ. ಕರ್ತೃ ಇಲ್ಲಿ ಕಾದಂಬರಿಯೇ, ಹಾಗಾಗಿ 1950ರಲ್ಲಿ ಹುಟ್ಟಿದ್ದೂ ಅದೇ ಆಯಿತು. ‘ಅಟ್ ದಿ ಏಜ್ ಆಫ್ ಟೆನ್, ಹರ್ ಫಾದರ್ ಡೈಡ್’ ಇನ್ನೂ ಕೆಟ್ಟದ್ದು, ಯಾಕೆಂದರೆ ಹತ್ತು ವರ್ಷ ತಂದೆಯ ವಯಸ್ಸಾಗಿಬಿಡುತ್ತದೆ.

ಎರಡು, ಪ್ಯಾಸಿವ್ ವಾಯ್ಸ್, ಅಂದರೆ ಕರ್ಮಣಿ ಪ್ರಯೋಗ. ‘ಆಫ್ಟರ್ ಚೆಕಿಂಗ್ ದಿ ಅಕೌಂಟ್ಸ್, ದ ರಿಪೋರ್ಟ್ ವಾಸ್ ಸಬ್ಮಿಟೆಡ್.’ ಲೆಕ್ಕ ನೋಡಿದ್ದು ರಿಪೋರ್ಟ್ ಅಲ್ಲ. ಪ್ಯಾಸಿವ್ ಬಂದ ಕಡೆ ಮಾಡಿದವರ ಹೆಸರು ಬಹಳ ಸಲ ಬಿಟ್ಟುಹೋಗುತ್ತದೆ. ಕಚೇರಿ ಬರವಣಿಗೆಯಲ್ಲಿ ಈ ತಪ್ಪು ಜಾಸ್ತಿ ಇರುವುದು ಇದೇ ಕಾರಣಕ್ಕೆ. ವಿಜ್ಞಾನದ ಪ್ರಬಂಧಗಳಲ್ಲಿ ‘ಯೂಸಿಂಗ್ ಎ ಮೈಕ್ರೋಸ್ಕೋಪ್, ದ ಸೆಲ್ಸ್ ವರ್ ಕೌಂಟೆಡ್’ ಥರದ ವಾಕ್ಯ ಎಷ್ಟು ರೂಢಿಯಾಗಿದೆ ಅಂದರೆ ಅನೇಕ ಸಂಪಾದಕರು ಹಾಗೇ ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ. ‘ಯೂಸಿಂಗ್ ಎ ಮೈಕ್ರೋಸ್ಕೋಪ್, ವಿ ಕೌಂಟೆಡ್ ದ ಸೆಲ್ಸ್’ ಅಂತ ಬರೆಯಿರಿ. ವಾಕ್ಯ ಉದ್ದವೂ ಆಗುವುದಿಲ್ಲ.

ಮೂರು, ಕಾಮಾ ಆದ ಕೂಡಲೇ ಬರುವ ‘ಇಟ್ ಈಸ್’, ‘ದೇರ್ ಈಸ್’. ‘ಆಫ್ಟರ್ ರೀಡಿಂಗ್ ಯುವರ್ ಲೆಟರ್, ಇಟ್ ಈಸ್ ಕ್ಲಿಯರ್ ದಟ್...’ ಪತ್ರ ಓದಿದವರು ಎಲ್ಲಿ? ಈ ‘ಇಟ್’ ಸುಮ್ನೆ ಜಾಗ ತುಂಬುವ ಪದ, ಅದು ಯಾವುದನ್ನೂ ಓದುವುದಿಲ್ಲ.

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ತಪ್ಪು ಯಾಕೆ ಕಾಣುವುದಿಲ್ಲ ಎನ್ನುವುದನ್ನು ಇಲ್ಲಿ ಹೇಳಲೇಬೇಕು. ‘ಕಿಟಕಿಯಿಂದ ನೋಡಿದರೆ ಬೆಟ್ಟ ಕಾಣುತ್ತದೆ’ ನಮಗೆ ಚೊಕ್ಕ ವಾಕ್ಯ. ನೋಡುವವರು ನಾವು, ಕಾಣುವುದು ಬೆಟ್ಟ. ನಮ್ಮ ‘ದರೆ’, ‘ಆಗ’, ‘ಮೇಲೆ’ಗಳು ಒಂದೇ ವಾಕ್ಯದಲ್ಲಿ ಇಬ್ಬರು ಕರ್ತೃಗಳಿಗೆ ಜಾಗ ಕೊಡುತ್ತವೆ. ಅದನ್ನೇ ‘ಲುಕಿಂಗ್ ಫ್ರಮ್ ದ ವಿಂಡೋ, ದ ಹಿಲ್ ಈಸ್ ವಿಸಿಬಲ್’ ಅಂತ ಬರೆದರೆ ಕಿಟಕಿಯಿಂದ ನೋಡುತ್ತಿರುವುದು ಬೆಟ್ಟ ಆಗುತ್ತದೆ. ಇಂಗ್ಲಿಷಿನ ‘ಇಂಗ್’ ನಮ್ಮ ‘ಉತ್ತಾ’ಗೆ ಹತ್ತಿರ, ‘ಆಗ’ಕ್ಕೆ ಅಲ್ಲ. ಅನುಮಾನ ಬಂದಾಗ ‘ಉತ್ತಾ’ ಹಾಕಿ ಓದಿ ನೋಡಿ. ‘ಸ್ಟೇಷನ್ನಿಗೆ ನಡೆಯುತ್ತಾ ಮಳೆ ಶುರುವಾಯಿತು’ ಅಂದರೆ ಕಿವಿಗೆ ತಕ್ಷಣ ಒರಟಾಗಿ ಕೇಳಿಸುತ್ತದೆ. ಅಂದರೆ ‘ವಾಕಿಂಗ್ ಟು ದ ಸ್ಟೇಷನ್, ದ ರೇನ್ ಸ್ಟಾರ್ಟೆಡ್’ ಕೂಡ ತಪ್ಪು. ಈ ಪರೀಕ್ಷೆ ‘ಇಂಗ್’ ವಾಕ್ಯಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ.

ಮೂರನೆಯ ಹೆಜ್ಜೆ: ಸರಿಪಡಿಸಿ

ದಾರಿ ಎರಡು. ಮೊದಲನೆಯದು, ಶುರುವನ್ನು ಹಾಗೇ ಬಿಟ್ಟು ಕಾಮಾದ ನಂತರ ಸರಿಯಾದ ಕರ್ತೃವನ್ನು ತರುವುದು. ‘ಹ್ಯಾವಿಂಗ್ ವರ್ಕ್ಡ್ ಇನ್ ಸೇಲ್ಸ್ ಫಾರ್ ಫೈವ್ ಇಯರ್ಸ್, ಐ ಕಮ್ಯುನಿಕೇಟ್ ವೆಲ್.’ ಎರಡನೆಯದು, ಶುರುವಿನ ಭಾಗಕ್ಕೇ ಅದರದ್ದೇ ಕರ್ತೃ ಕೊಡುವುದು. ‘ಆಸ್ ಐ ವಾಸ್ ವಾಕಿಂಗ್ ಟು ದ ಸ್ಟೇಷನ್, ದ ರೇನ್ ಸ್ಟಾರ್ಟೆಡ್.’ ಈಗ ನಡೆದದ್ದು ನಾನು, ಶುರುವಾದದ್ದು ಮಳೆ. ನೀವು ಹೇಳಬೇಕಾದ ಸಂಗತಿ ಮಳೆಯೇ ಆಗಿದ್ದರೆ ಎರಡನೆಯ ದಾರಿ ಹಿಡಿಯಿರಿ. ಯಾವುದು ಅಂತ ಗೊತ್ತಾಗದಿದ್ದರೂ ಎರಡನೆಯದನ್ನೇ ಹಿಡಿಯಿರಿ. ಎರಡು ಮೂರು ಪದ ಹೆಚ್ಚಾದರೆ ನಷ್ಟವಿಲ್ಲ.

ಬರೀ ‘ವೈಲ್’ ಸೇರಿಸಿ ಮುಗಿಸಬೇಡಿ. ‘ವೈಲ್ ವಾಕಿಂಗ್ ಟು ದ ಸ್ಟೇಷನ್, ದ ರೇನ್ ಸ್ಟಾರ್ಟೆಡ್’ನಲ್ಲೂ ನಡೆಯುವುದು ಮಳೆಯೇ.

ಇನ್ನೊಂದು ಅಡ್ಡದಾರಿ ಇದೆ, ಅದನ್ನು ಪಾಠ ಹೇಳುವವರೂ ಹೇಳಿಕೊಡುತ್ತಾರೆ: ಶುರುವಿನ ಭಾಗವನ್ನು ಎತ್ತಿ ಕೊನೆಗೆ ಹಾಕುವುದು. ‘ದ ರೇನ್ ಸ್ಟಾರ್ಟೆಡ್ ವಾಕಿಂಗ್ ಟು ದ ಸ್ಟೇಷನ್.’ ಮೊದಲಿಗಿಂತ ಕೆಟ್ಟಿತು. ಜಾಗ ಬದಲಿಸಿದರೆ ಸರಿಹೋಗುವುದು ಮಿಸ್‌ಪ್ಲೇಸ್ಡ್ ಮಾಡಿಫೈಯರ್. ‘ಐ ಸಾ ಎ ಡಾಗ್ ರೈಡಿಂಗ್ ಮೈ ಬೈಕ್’ನಲ್ಲಿ ಬೈಕ್ ಓಡಿಸುವ ‘ಐ’ ವಾಕ್ಯದಲ್ಲೇ ಇದ್ದಾರೆ, ಸ್ವಲ್ಪ ದೂರ ಆಗಿದ್ದಾರೆ ಅಷ್ಟೇ. ‘ರೈಡಿಂಗ್ ಮೈ ಬೈಕ್, ಐ ಸಾ ಎ ಡಾಗ್’ ಅಂದರೆ ಮುಗಿಯಿತು. ಡ್ಯಾಂಗ್ಲಿಂಗ್‌ನಲ್ಲಿ ಕರ್ತೃವೇ ಇರುವುದಿಲ್ಲ. ಇಲ್ಲದವರನ್ನು ಎತ್ತಿ ಎಲ್ಲಿ ಕೂರಿಸುತ್ತೀರಿ?

ವ್ಯಾಕರಣ ತಿದ್ದುವ ಆ್ಯಪ್‌ಗಳನ್ನು ಇದಕ್ಕೆ ನಂಬಬೇಡಿ. ಈ ವಾಕ್ಯಗಳ ಬಿಡಿ ಭಾಗಗಳೆಲ್ಲ ಸರಿಯಾಗಿಯೇ ಇರುವುದರಿಂದ ಅವು ಸಪ್ಪೆ ತಪ್ಪುಗಳನ್ನು ಬಿಟ್ಟು ಮುಂದೆ ಹೋಗುವುದನ್ನು ನೋಡಿದ್ದೇನೆ. ಸ್ಪೆಲಿಂಗ್‌ಗೆ ಬಳಸಿ, ಪರವಾಗಿಲ್ಲ.

ನಾಲ್ಕನೆಯ ಹೆಜ್ಜೆ: ಸರಿ ಇರುವುದನ್ನು ಮುಟ್ಟಬೇಡಿ

ಹೊಸದಾಗಿ ಕಲಿತವರು ಎಲ್ಲವನ್ನೂ ತಿದ್ದಲು ಹೊರಡುತ್ತಾರೆ. ‘ಕನ್ಸಿಡರಿಂಗ್’, ‘ರಿಗಾರ್ಡಿಂಗ್’, ‘ಗಿವನ್’, ‘ಅಕಾರ್ಡಿಂಗ್ ಟು’, ‘ಜನರಲಿ ಸ್ಪೀಕಿಂಗ್’ ಇವೆಲ್ಲ ಬಳಕೆಯಲ್ಲಿ ಗಟ್ಟಿಯಾಗಿ ನಿಂತಿವೆ, ಕರ್ತೃ ಕೇಳುವುದಿಲ್ಲ. ‘ಬಿಫೋರ್ ಓಪನಿಂಗ್ ದ ಲಿಡ್, ಸ್ವಿಚ್ ಆಫ್ ದ ಮಷೀನ್’ ಥರದ ಸೂಚನೆಗಳೂ ಸರಿ, ಅಲ್ಲಿ ‘ಯು’ ಒಳಗೇ ಇದೆ. ‘ದ ರೇನ್ ಹ್ಯಾವಿಂಗ್ ಸ್ಟಾಪ್ಡ್, ವಿ ಲೆಫ್ಟ್’ ನೋಡಿ ಗಾಬರಿಯಾಗಬೇಡಿ. ‘ಹ್ಯಾವಿಂಗ್’ಗಿಂತ ಮೊದಲೇ ಮಳೆ ಇದೆ, ನಿಂತದ್ದು ಅದೇ. ಅದನ್ನು ಹಾಗೇ ಬಿಡಿ.