ರಜೆಯನ್ನೂ ಪಟ್ಟಿಯಲ್ಲೇ ಬರೆದಿಡಿ: ವ್ಯಾಯಾಮ, ಬಿಡುವು ಮತ್ತು ನನ್ನ ಅನುಭವ

ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ಬೆಳಗ್ಗೆ ನಡೆಯುವವರಿಗೆಲ್ಲ ಈ ಪ್ರಶ್ನೆ ಗೊತ್ತು: “ಯಾಕ್ ಸಾರ್, ನೆನ್ನೆ ಕಾಣ್ಲೇ ಇಲ್ಲ?” ಕೇಳುವವರು ಪ್ರೀತಿಯಿಂದಲೇ ಕೇಳುತ್ತಾರೆ. ಕೇಳಿಸಿಕೊಂಡವರಿಗೆ ಮಾತ್ರ ಏನೋ ತಪ್ಪು ಮಾಡಿದ ಹಾಗೆ ಮನಸ್ಸು ಚುಚ್ಚುತ್ತದೆ. “ನೆನ್ನೆ ನನಗೆ ರಜೆ” ಎಂದು ಅಳುಕಿಲ್ಲದೆ ಹೇಳಬೇಕಾದರೆ ಆ ರಜೆ ಮೊದಲೇ ಗೊತ್ತಾಗಿರಬೇಕು. ಐದೂವರೆಗೆ ಅಲಾರಂ ಹೊಡೆದ ಮೇಲೆ ಹಾಸಿಗೆಯಲ್ಲೇ ‘ಹೋಗಲೋ ಬೇಡವೋ’ ಎಂದು ಚೌಕಾಸಿ ಶುರುವಾದರೆ ಎರಡೂ ಕೆಟ್ಟಿತು. ಹೋದರೆ ಮೈ ಬಗ್ಗುವುದಿಲ್ಲ, ಹೋಗದಿದ್ದರೆ ದಿನವಿಡೀ ಕೊರಗು. ಹಾಗಾಗಿ ಭಾನುವಾರ ಸಂಜೆ ಮುಂದಿನ ವಾರದ ಪಟ್ಟಿ ಬರೆಯುವಾಗ ನಾನು ಮೊದಲು ತುಂಬುವುದು ಬಿಡುವಿನ ದಿನಗಳನ್ನು. ವ್ಯಾಯಾಮದ ದಿನಗಳು ಆಮೇಲೆ.

ಇದು ನನ್ನ ಕಂಡುಹಿಡಿತವೇನಲ್ಲ. ಕೆ. ಪಟ್ಟಾಭಿ ಜೋಯಿಸರು 1948ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ಅಷ್ಟಾಂಗ ಯೋಗ ಸಂಸ್ಥೆಯ ಪರಂಪರೆಯಲ್ಲಿ ವಾರಕ್ಕೊಂದು ದಿನ ಅಭ್ಯಾಸ ಇಲ್ಲ, ಅಮಾವಾಸ್ಯೆ ಹುಣ್ಣಿಮೆಗಳಂದೂ ಇಲ್ಲ. ನಸುಕಿನಲ್ಲೇ ಎದ್ದು ಕಠಿಣ ಆಸನಗಳನ್ನು ಮಾಡುವವರು ಆ ದಿನ ನಿರಾಳವಾಗಿ ಮಲಗುತ್ತಾರೆ. ರಜೆ ಕ್ಯಾಲೆಂಡರಿನಲ್ಲೇ ಇರುವಾಗ ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ, ನಮಗೆ ನಾವೂ ಕೊಟ್ಟುಕೊಳ್ಳಬೇಕಿಲ್ಲ.

ನನ್ನ ವಾರ ಹೀಗಿದೆ. ಸೋಮವಾರ ತೂಕದ ವ್ಯಾಯಾಮ, ಅದರಲ್ಲಿ ಕಾಲಿನದ್ದೇ ಹೆಚ್ಚು. ಮಂಗಳವಾರ ಕೆರೆ ಸುತ್ತ ನಿಧಾನ ನಡಿಗೆ. ಬುಧವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ಗುರುವಾರ ಪೂರ್ತಿ ಬಿಡುವು. ಶುಕ್ರವಾರ ಮತ್ತೆ ತೂಕ, ಆದರೆ ಭುಜ, ಎದೆ, ಬೆನ್ನು ಮಾತ್ರ. ಶನಿವಾರ ಓಟ. ಭಾನುವಾರ ಮತ್ತೆ ಬಿಡುವು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಅಥವಾ 75ರಿಂದ 150 ನಿಮಿಷ ಬಿರುಸಿನ ಶ್ರಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಲೆಕ್ಕ ಇರುವುದು ವಾರಕ್ಕೆ. ದಿನವೂ ಮಾಡಲೇಬೇಕು ಎಂಬುದು ನಾವೇ ಸೇರಿಸಿಕೊಂಡದ್ದು.

ಗುರುವಾರವೇ ಬಿಡುವು ಯಾಕೆ, ಶುಕ್ರವಾರ ಕಾಲಿಗೆ ಯಾಕೆ ಕೆಲಸವಿಲ್ಲ ಎನ್ನುವುದಕ್ಕೆ ಉತ್ತರ ಬೆಟ್ಟದ ಮೆಟ್ಟಿಲಲ್ಲೇ ಇದೆ. ಸಾವಿರದಷ್ಟು ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಆದರೆ ತೊಡೆಗೆ ನಿಜವಾದ ಪೆಟ್ಟು ಬೀಳುವುದು ಇಳಿಯುವಾಗ. ಒಂದೊಂದು ಮೆಟ್ಟಿಲಿಗೂ ಮಂಡಿ ಮಡಚುತ್ತಾ ದೇಹದ ಭಾರವನ್ನು ತಡೆಹಿಡಿಯಬೇಕು. ಆಗ ತೊಡೆಯ ಮುಂಭಾಗದ ಸ್ನಾಯು ಬಿಗಿಯಾಗಿದ್ದುಕೊಂಡೇ ಉದ್ದವಾಗುತ್ತಾ ಹೋಗುತ್ತದೆ. ಹೀಗೆ ಎಳೆಸಿಕೊಂಡ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಗಾಯಗಳಾಗುತ್ತವೆ. ಅದರ ನೋವು ಆ ದಿನ ಗೊತ್ತಾಗುವುದಿಲ್ಲ. 24 ಗಂಟೆ ಕಳೆದ ಮೇಲೆ ಏರುತ್ತದೆ, ಹೆಚ್ಚಿನವರಿಗೆ 72 ಗಂಟೆಯೊಳಗೆ ತುತ್ತತುದಿ ಮುಟ್ಟಿ ಇಳಿಯುತ್ತದೆ. ಬುಧವಾರ ಇಳಿದವರು ಶುಕ್ರವಾರ ಬಸ್ಕಿ ಹೊಡೆಯಲು ಹೋದರೆ ನೋವು ತಪ್ಪಿಸಲು ಮಂಡಿ ಒಳಗೆ ವಾಲುತ್ತದೆ, ಸೊಂಟ ಮುಂದಕ್ಕೆ ಬಾಗುತ್ತದೆ. ಪೆಟ್ಟಾಗುವುದು ಇಂಥ ದಿನಗಳಲ್ಲೇ. ಹೊಸಬರಿಗೆ ನಾನು ಹೇಳುವುದು, ಮೊದಲ ಒಂದು ತಿಂಗಳು ಹತ್ತಿ ಹೋಗಿ, ದೇವಿಗೆ ಕೈಮುಗಿದು ನಗರ ಬಸ್ ಹತ್ತಿ ಇಳಿಯಿರಿ. ಬಸ್ಸಲ್ಲಿ ಇಳಿದರೆ ಹತ್ತಿದ್ದು ಲೆಕ್ಕಕ್ಕಿಲ್ಲ ಎನ್ನುವವರ ಮಾತಿಗೆ ಕಿವಿಗೊಡಬೇಡಿ.

ಇದೇ ಕೆಲಸಕ್ಕೆ ಮೈ ಒಗ್ಗಿದ ಮೇಲೆ ನೋವು ಕಡಿಮೆಯಾಗುತ್ತದೆ. ಅಲ್ಲೂ ಒಂದು ಕೊರಗು ಕಾದಿರುತ್ತದೆ: ‘ನೋವೇ ಇಲ್ಲ, ಸರಿಯಾಗಿ ಮಾಡಲಿಲ್ಲವೇನೋ.’ ನೋವು ಹೊಸ ಕೆಲಸದ ಗುರುತು ಅಷ್ಟೇ, ಒಳ್ಳೆಯ ಕೆಲಸದ ಅಳತೆಗೋಲಲ್ಲ.

ದಾಖಲೆಗೆ ಮೊಬೈಲ್ ಆ್ಯಪ್‌ಗಿಂತ ಉದ್ದನೆಯ ನೋಟ್‌ಬುಕ್ ವಾಸಿ. ದಿನಕ್ಕೊಂದು ಸಾಲು. ಎಷ್ಟು ನಿಮಿಷ, ಎಷ್ಟು ಶ್ರಮ ಎಂದು ಬರೆಯುತ್ತೇನೆ. ಶ್ರಮಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ: ಮೂರು ಎಂದರೆ ಮಾತಾಡುತ್ತಾ ನಡೆಯುವಷ್ಟು, ಏಳು ಎಂದರೆ ಎರಡು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳುವಷ್ಟು. ಎರಡನ್ನೂ ಗುಣಿಸಬೇಕು. 50 ನಿಮಿಷ, ಶ್ರಮ 6 ಆದರೆ 300. ಕ್ರೀಡಾ ತರಬೇತಿಯಲ್ಲಿ ಬಳಕೆಯಲ್ಲಿರುವ ಲೆಕ್ಕವೇ ಇದು. ವ್ಯಾಯಾಮ ಮುಗಿದು ಅರ್ಧ ಗಂಟೆಯಾದ ಮೇಲೆ ಅಂಕ ಹಾಕಿ, ಇಲ್ಲದಿದ್ದರೆ ಕೊನೆಯ ಐದು ನಿಮಿಷದ ಏದುಸಿರೇ ಅಂಕವನ್ನು ಏರಿಸಿಬಿಡುತ್ತದೆ. ವಾರದ ಮೊತ್ತ ಮೂರು ವಾರ ಸ್ವಲ್ಪ ಸ್ವಲ್ಪವೇ ಏರಲಿ, ನಾಲ್ಕನೇ ವಾರ ಅರ್ಧಕ್ಕೆ ಇಳಿಯಲಿ. ಆಷಾಢದಲ್ಲಿ ಈ ಇಳಿಕೆಗೆ ನಾನು ಶುಕ್ರವಾರಗಳ ಆಸುಪಾಸನ್ನೇ ಆರಿಸಿಕೊಳ್ಳುತ್ತೇನೆ. ಆ ದಿನಗಳಲ್ಲಿ ಮೆಟ್ಟಿಲ ತುಂಬ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಭಕ್ತರು. ಅವರ ನಡುವೆ ಗಡಿಯಾರ ನೋಡಿಕೊಂಡು ನುಗ್ಗುವುದು ತರವಲ್ಲ.

ಬಿಡುವಿನ ದಿನದ ಸಾಲನ್ನು ಖಾಲಿ ಬಿಡಬೇಡಿ, ಗೀಟೂ ಹಾಕಬೇಡಿ. ‘ಬಿಡುವು, ನಿದ್ದೆ ಏಳೂವರೆ ಗಂಟೆ’ ಎಂದು ಉಳಿದ ಸಾಲುಗಳ ಅಕ್ಷರದಲ್ಲೇ ಬರೆಯಿರಿ. ಆ ದಿನವೂ ಕೆಲಸ ನಡೆದಿರುತ್ತದೆ. ತೂಕದ ವ್ಯಾಯಾಮದ ನಂತರ ಸ್ನಾಯು ಹೊಸ ಪ್ರೋಟೀನ್ ಕಟ್ಟಿಕೊಳ್ಳುವ ವೇಗ ಒಂದೆರಡು ದಿನ ಹೆಚ್ಚಾಗಿಯೇ ಇರುತ್ತದೆ. ಸ್ನಾಯುವಿನಲ್ಲಿ ಕೂಡಿಟ್ಟಿದ್ದು ಬರಿದಾದ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್, ಮತ್ತೆ ತುಂಬಲು ಸರಿಯಾಗಿ ಉಂಡರೂ ಸುಮಾರು ಒಂದು ದಿನ ಬೇಕು. ‘ಇವತ್ತು ಮೈ ಬಗ್ಗಿಸಿಲ್ಲ, ಮುದ್ದೆ ಬೇಡ’ ಎಂದು ತಟ್ಟೆ ತಳ್ಳುವುದು ಅದಕ್ಕೇ ತಪ್ಪು. ನಿಯಮಿತವಾಗಿ ತೂಕ ಎತ್ತುವವರಿಗೆ ದೇಹದ ತೂಕದ ಕಿಲೋಗೆ 1.2ರಿಂದ 1.6 ಗ್ರಾಂ ಪ್ರೋಟೀನ್ ಸಾಕು. 60 ಕಿಲೋದವರಿಗೆ 72ರಿಂದ 96 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಒಣ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ ಇರುತ್ತದೆ. ಮೊಳಕೆ ಹುರುಳಿಕಾಳಿನ ಸಾರು, ಮುದ್ದೆ, ಜೊತೆಗೊಂದು ಮೊಟ್ಟೆ ಬಿಡುವಿನ ದಿನಕ್ಕೆ ಒಳ್ಳೆಯ ಊಟ. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಈ ಲೆಕ್ಕ ಹಿಡಿಯಬಾರದು. ಇನ್ನು ಒಬ್ಬಟ್ಟಿಗೆ ಇಷ್ಟು ಮೆಟ್ಟಿಲು, ಮೈಸೂರು ಪಾಕಿಗೆ ಇಷ್ಟು ಸುತ್ತು ಎಂಬ ದಂಡದ ಲೆಕ್ಕ ಖಂಡಿತ ಬೇಡ. ವ್ಯಾಯಾಮ ಶಿಕ್ಷೆಯಾದರೆ ಮೊದಲು ಸಾಯುವುದೇ ಉತ್ಸಾಹ.

ಸೋಮಾರಿತನವೋ ನಿಜವಾದ ದಣಿವೋ? ಏಳುವ ಮೊದಲು ಮಲಗಿದಲ್ಲೇ ಮಣಿಕಟ್ಟಿನ ನಾಡಿ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ವಾರ ಎಣಿಸಿದರೆ ನಿಮ್ಮ ಮಾಮೂಲಿ ಸಂಖ್ಯೆ ಸಿಗುತ್ತದೆ. ಒಂದು ದಿನ ಅದಕ್ಕಿಂತ ಎಂಟು ಹತ್ತು ಬಡಿತ ಹೆಚ್ಚಿದ್ದು, ಹಿಂದಿನ ರಾತ್ರಿ ನಿದ್ದೆಯೂ ಕೆಟ್ಟಿದ್ದರೆ ಆ ದಿನದ ಪಟ್ಟಿಯನ್ನು ನಡಿಗೆಗೆ ಇಳಿಸುತ್ತೇನೆ. ನಾಡಿ ಒಂದನ್ನೇ ನಂಬುವುದಿಲ್ಲ, ಸೆಕೆಗೂ ಜ್ವರದ ಮುನ್ಸೂಚನೆಗೂ ಅದು ಏರುತ್ತದೆ. ನಾಡಿ ಸರಿಯಿದ್ದು ಮನಸ್ಸು ಮಾತ್ರ ಒಲ್ಲೆ ಎಂದರೆ ಶೂ ಕಟ್ಟಿ ಹತ್ತು ನಿಮಿಷ ನಡೆಯಿರಿ. ಮೈ ಬಿಸಿಯಾಗಿ ಹಗುರವಾದರೆ ಮುಂದುವರಿಸಿ. ಕಾಲು ಇನ್ನೂ ಭಾರವಾಗಿದ್ದರೆ ಮನೆಗೆ ಬನ್ನಿ, ಪುಸ್ತಕದಲ್ಲಿ ‘10 ನಿಮಿಷ’ ಎಂದು ಬರೆದು ಮುಗಿಸಿ. ಈ ಪರೀಕ್ಷೆ ವ್ಯಾಯಾಮದ ದಿನಕ್ಕೆ ಮಾತ್ರ. ಬಿಡುವಿನ ದಿನ ಶೂ ಕಟ್ಟಿದರೆ ಹತ್ತು ನಿಮಿಷ ಐವತ್ತಾಗುತ್ತದೆ.

ಪಟ್ಟಿ ಕೆಡುವುದು ಸಾಮಾನ್ಯವಾಗಿ ಬಾಕಿ ತೀರಿಸಲು ಹೋಗಿ. ಸೋಮವಾರ ತಪ್ಪಿದ್ದನ್ನು ಮಂಗಳವಾರಕ್ಕೆ ಸೇರಿಸಿದರೆ ಬುಧವಾರ ಮೈ ಏಳುವುದಿಲ್ಲ, ಆಗ ಬಾಕಿ ಎರಡಾಗುತ್ತದೆ. ತಪ್ಪಿದ್ದು ತಪ್ಪಿತು, ಆ ದಿನದ ಪಟ್ಟಿಯಲ್ಲಿ ಇರುವುದನ್ನು ಮಾತ್ರ ಮಾಡಿ. ಹೆಜ್ಜೆ ಎಣಿಸುವ ಗಡಿಯಾರವನ್ನು ಬಿಡುವಿನ ದಿನ ಬಿಚ್ಚಿಡಿ. ಹತ್ತು ಸಾವಿರ ಹೆಜ್ಜೆ ಎಂಬ ಸಂಖ್ಯೆ ಹುಟ್ಟಿದ್ದು 1960ರ ದಶಕದ ಜಪಾನಿನಲ್ಲಿ, ಹೆಜ್ಜೆ ಎಣಿಸುವ ಯಂತ್ರವೊಂದರ ಮಾರಾಟದ ಹೆಸರಾಗಿ. ವೈದ್ಯರು ಅಳೆದು ಬರೆದುಕೊಟ್ಟ ಮದ್ದಲ್ಲ ಅದು.

ಬಿಡುವು ಬೆಳೆದು ಬೆಳೆದು ತಿಂಗಳಾಗುವುದೂ ಉಂಟು. ಅದಕ್ಕೆ ಎರಡು ಕಟ್ಟುಪಾಡು ಇಟ್ಟುಕೊಂಡಿದ್ದೇನೆ. ಕಾಯಿಲೆ, ಪೆಟ್ಟು, ಪ್ರಯಾಣ ಇಲ್ಲದೆ ಸತತ ಎರಡು ದಿನ ಪೂರ್ತಿ ಬಿಡುವಿಲ್ಲ. ಸಮಯವೇ ಸಿಗದ ದಿನಕ್ಕೆ 12 ನಿಮಿಷದ ಕನಿಷ್ಠ ಪಟ್ಟಿ: ಹತ್ತು ಬಸ್ಕಿ, ಎಂಟು ದಂಡ, ಅರ್ಧ ನಿಮಿಷ ಪ್ಲ್ಯಾಂಕ್ (ಮುಂಗೈ ಊರಿ ಮೈಯನ್ನು ನೆಟ್ಟಗೆ ಹಿಡಿಯುವುದು), ಒಂದು ನಿಮಿಷ ಸುಧಾರಿಸಿಕೊಂಡು ಹೀಗೇ ನಾಲ್ಕು ಸುತ್ತು. ಇಷ್ಟು ಮಾಡಿದ ದಿನವೂ ಪೂರ್ತಿ ದಿನವೇ.

ಒಂದು ದಿನ ಬಿಟ್ಟರೆ ಕೈಕಾಲು ನಡುಗುವಷ್ಟು ತಳಮಳ, ಪೆಟ್ಟಾಗಿದ್ದರೂ ಮನೆಯವರಿಂದ ಮುಚ್ಚಿಟ್ಟು ಓಡುವುದು, ಊಟ ಬಿಡುವುದು, ಹೆಣ್ಣುಮಕ್ಕಳಿಗೆ ಮುಟ್ಟು ನಿಲ್ಲುವುದು ಇವೆಲ್ಲ ಪಟ್ಟಿ ತಿದ್ದಿ ಸರಿಪಡಿಸುವ ಸಂಗತಿಗಳಲ್ಲ. ವೈದ್ಯರ ಬಳಿ ಹೋಗಬೇಕು. ಮನಸ್ಸಿನ ಭಾರ ಹೇಳಿಕೊಳ್ಳಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಉಚಿತ. ವಿಪರೀತ ಶ್ರಮದ ಮಾರನೆಯ ದಿನ ಸ್ನಾಯು ಊದಿಕೊಂಡು ಮೂತ್ರ ಕಡುಗಂದು ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಕಿಡ್ನಿಗೆ ಅಪಾಯ.

ಜ್ವರ ಬಂದರೆ ಪಟ್ಟಿ ಅಲ್ಲೇ ನಿಲ್ಲುತ್ತದೆ. ಜ್ವರ ಬಿಟ್ಟ ಮೇಲೂ ಒಂದು ಪೂರ್ತಿ ದಿನ ಕಾಯುತ್ತೇನೆ. ಡೆಂಗಿ ಆಗಿದ್ದರೆ ವೈದ್ಯರು ಸೈ ಎನ್ನುವವರೆಗೆ ಏನೂ ಇಲ್ಲ. ಗಳಿಸಿದ ಬಲ ಎರಡು ಮೂರು ವಾರದಲ್ಲಿ ಹೇಳಿಕೊಳ್ಳುವಷ್ಟು ಕರಗುವುದಿಲ್ಲ, ಮೊದಲು ಇಳಿಯುವುದು ದಮ್ಮು. ಹಾಗಾಗಿ ಒಂದು ವಾರ ತಪ್ಪಿದ್ದರೆ ತೂಕವನ್ನು ಮುಕ್ಕಾಲಿಗೆ, ಓಟವನ್ನು ಅರ್ಧಕ್ಕೆ ಇಳಿಸಿ ಶುರುಮಾಡಿ. ಬೆಟ್ಟಕ್ಕೆ ಹೋಗುವುದಾದರೆ ಮೊದಲ ಸಲ ಮೆಟ್ಟಿಲ ದಾರಿಯಲ್ಲಿ ಸಿಗುವ ದೊಡ್ಡ ನಂದಿಯವರೆಗೆ ಸಾಕು.