ಎರಡು ಬಣ್ಣಗಳ ನಡುವೆ ಅಲ್ಯುಮಿನಾ ಪೊರೆ

ಬಣ್ಣ ಹೀರಿದ ಬೆಳಕಿನಿಂದ ವಿದ್ಯುತ್ ಕೊಡುವ ಸೌರಕೋಶದಲ್ಲಿ, ಫ್ಲೋರೆಸೀನ್ ಎಂಬ ಹಸಿರಾಗಿ ಹೊಳೆಯುವ ಬಣ್ಣ ಹೀರಿದ ನೀಲಿ ಬೆಳಕಿನ ಶಕ್ತಿ ರೋಡಮೀನ್ ಬಿ ಎಂಬ ಇನ್ನೊಂದು ಬಣ್ಣದ ಮೂಲಕ, ಎಲೆಕ್ಟ್ರಾನ್ ಒಯ್ಯುವ ಟೈಟಾನಿಯಾ (ಟೈಟಾನಿಯಂ ಡೈಆಕ್ಸೈಡ್) ಪದರ ಸೇರುತ್ತದೆ ಎಂದು ನಾನು ಹೇಳಿದಾಗ ವಿಭಾಗದಲ್ಲಿ ಯಾರೂ ಒಪ್ಪಲಿಲ್ಲ. "ಕೋಶದ ದ್ರಾವಣದಲ್ಲಿ ಅಯೋಡೈಡ್ ಇರುವ ಕಡೆ ಬಣ್ಣದ ಹೊಳಪೇ ಉಳಿಯುವುದಿಲ್ಲ, ಇನ್ನು ಶಕ್ತಿ ವರ್ಗಾವಣೆ ಎಲ್ಲಿಂದ ಬಂತು?" ಎಂದರು ಹಿರಿಯರೊಬ್ಬರು. ಆರು ತಿಂಗಳು ಅವರ ಮಾತೇ ಗೆದ್ದಿತು.

ಮೊದಲು ಎರಡೂ ಬಣ್ಣ ಬೆರೆಸಿ ಪದರವನ್ನು ಅದ್ದಿದೆ. ವಿದ್ಯುತ್ ಏರಿತು. ಆದರೆ ಫ್ಲೋರೆಸೀನ್ ತಾನೇ ಟೈಟಾನಿಯಾಕ್ಕೆ ಎಲೆಕ್ಟ್ರಾನ್ ಕೊಡಬಲ್ಲದು, ಹಾಗಾಗಿ ಅದರಿಂದ ಏನೂ ಸಾಬೀತಾಗಲಿಲ್ಲ. 2009ರಲ್ಲಿ ಶಕ್ತಿ ಕೊಡುವ ದಾನಿ ಬಣ್ಣವನ್ನು ಕೋಶದ ದ್ರಾವಣವಾದ ಎಲೆಕ್ಟ್ರೊಲೈಟ್‌ನಲ್ಲೇ ಕರಗಿಸಿ ಯಶಸ್ಸು ಕಂಡವರಿದ್ದರು. ನಾನೂ ಹಾಗೆಯೇ ಮಾಡಿದೆ. ಅಯೋಡೈಡ್ ಬಿದ್ದೊಡನೆ ಹಸಿರು ಹೊಳಪು ಆರಿಹೋಯಿತು.

ಕೊನೆಗೆ ಕೈಹಿಡಿದದ್ದು ಪೊರೆ. ರೋಡಮೀನ್ ಹಿಡಿದ ಪದರವನ್ನು ಅಲ್ಯುಮಿನಿಯಂ ಐಸೊಪ್ರೊಪಾಕ್ಸೈಡ್‌ನಲ್ಲಿ ಅದ್ದಿ, ಮೇಲೆ ತೆಳು ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಬರಿಸಿ, ಅದರ ಮೇಲೆ ಫ್ಲೋರೆಸೀನ್ ಕೂರಿಸಿದೆ. ಎರಡು ಬಣ್ಣಗಳ ಅಂತರ ಒಂದೆರಡು ನ್ಯಾನೋಮೀಟರ್ ಇದ್ದರೆ ಅಯೋಡೈಡ್ ಕೈ ಹಾಕುವ ಮೊದಲೇ ಶಕ್ತಿ ದಾಟಿಬಿಡುತ್ತದೆ. ಹೇಳಿದಷ್ಟು ಸುಲಭವಾಗಿರಲಿಲ್ಲ. ಆಲ್ಕೋಹಾಲ್‌ನಲ್ಲಿ ಅದ್ದಿದರೆ ರೋಡಮೀನ್ ತೊಳೆದುಹೋಗುತ್ತಿತ್ತು. ಟೊಲುಯಿನ್‌ಗೆ ಬದಲಾಯಿಸಿದ ಮೇಲೆ ಅದು ನಿಂತಿತು. ಮಂಗಳೂರಿನ ಜುಲೈ ತೇವಕ್ಕೆ ದ್ರಾವಣ ಬೀಕರಿನಲ್ಲೇ ಬೆಳ್ಳಗೆ ಗಡ್ಡೆಕಟ್ಟಿತು. ಆ ಮಳೆಗಾಲದಲ್ಲಿ ಮೂವತ್ತಕ್ಕೂ ಹೆಚ್ಚು ವಾಹಕ ಗಾಜಿನ ತುಂಡುಗಳು ಹಾಳಾದವು. ಎಲ್ಲವೂ ಸ್ವಂತ ಹಣ, ಏಳೆಂಟು ಸಾವಿರವಾದರೂ ಆಗಿರಬೇಕು. ಇಂಥ ಕೋಶಗಳಲ್ಲಿ ಹೆಸರಾದ ರುಥೇನಿಯಂ ಬಣ್ಣದ ಆಸೆಯನ್ನು ಅದರ ಬೆಲೆ ಕೇಳಿದ ದಿನವೇ ಬಿಟ್ಟಿದ್ದೆ. ಎಷ್ಟು ಸೆಕೆಂಡು ಅದ್ದಬೇಕು, ತೇವವನ್ನು ಹೇಗೆ ತಡೆದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನೀಲಿ ಎಲ್‌ಇಡಿ ಕೆಳಗೆ ರೋಡಮೀನ್ ಒಂದೇ ಇದ್ದ ಕೋಶ ಸುಮಾರು 30 ಮೈಕ್ರೋಆಂಪಿಯರ್ ಕೊಟ್ಟಿತು. ಪೊರೆಯ ಮೇಲೆ ಫ್ಲೋರೆಸೀನ್ ಮಾತ್ರ ಇದ್ದದ್ದು 8ರ ಆಸುಪಾಸು. ಎರಡೂ ಇದ್ದದ್ದು 55 ದಾಟಿತು. 30ಕ್ಕೆ 8 ಕೂಡಿಸಿದರೆ 55 ಆಗುವುದಿಲ್ಲ ಎಂದು ಹಿರಿಯರ ಮುಂದೆ ಮೀಟರ್ ಇಟ್ಟೆ. ಅವರು ತಂತಿಗಳನ್ನು ತಾವೇ ಕಳಚಿ, ಮತ್ತೆ ಜೋಡಿಸಿ ಓದಿದರು. ಟೈಟಾನಿಯಾ ಇಲ್ಲದ, ಫ್ಲೋರೆಸೀನ್ ಕೂರಿಸಿದ ಬರೀ ಅಲ್ಯುಮಿನಾ ಪದರವನ್ನೂ ತೋರಿಸಿದೆ: ರೋಡಮೀನ್ ಸೇರಿದ ಅರ್ಧಭಾಗ ಕಿತ್ತಳೆಯಾಗಿಯೂ ಉಳಿದರ್ಧ ಹಸಿರಾಗಿಯೂ ಹೊಳೆಯುತ್ತಿತ್ತು. ಆ ಗಡಿಗೆರೆಯನ್ನು ನೋಡುತ್ತಾ ನಾವಿಬ್ಬರೂ ಬಹಳ ಹೊತ್ತು ನಿಂತಿದ್ದೆವು.

ನಡುವೆ ರೋಡಮೀನ್ ಬದಲು ಪುನರ್ಪುಳಿ (ಕೋಕಂ) ಸಿಪ್ಪೆಯ ಕೆಂಪನ್ನೂ ಹಿಡಿಸಿ ನೋಡಿದೆ. ಅಲ್ಯುಮಿನಿಯಂ ತಗುಲಿದ್ದೇ ತಡ, ಕೆಂಪು ನೇರಳೆಗೆ ತಿರುಗಿತು. ಆ ಕೋಶವನ್ನು ನಿನ್ನೆ ಮುಚ್ಚಿದ್ದೇನೆ, ನೀಲಿ ಬೆಳಕಿನಲ್ಲಿ ಇನ್ನೂ ಅಳೆದಿಲ್ಲ.