ಇಟಾಲಿಯನ್ ರೆಸ್ಟೋರೆಂಟ್‌ನಲ್ಲಿ ಡಯಟ್ ಕೆಡದ ಹಾಗೆ ಊಟ: ನನ್ನ ಅನುಭವ

ಇಟಾಲಿಯನ್ ಊಟದಲ್ಲಿ ಕ್ಯಾಲೊರಿ ಏರುವುದು ಹೆಚ್ಚಾಗಿ ಸಾಸ್‌ನಿಂದ, ಆಮೇಲೆ ಅಳತೆಯಿಂದ. ಹಾಗಾಗಿ ಮೆನು ಕೈಗೆ ಬಂದ ಕೂಡಲೇ ನಾನು ನೋಡುವುದು ಸಾಸ್ ಯಾವುದು ಅಂತ. ಪೆನ್ನೆಯೋ ಸ್ಪಗೆಟ್ಟಿಯೋ ಅನ್ನುವುದರಿಂದ ಡಯಟ್‌ಗೆ ಏನೂ ವ್ಯತ್ಯಾಸವಿಲ್ಲ. ಇಟಲಿಯಲ್ಲಿ ಒಬ್ಬರಿಗೆ ಸಾಮಾನ್ಯವಾಗಿ ಹಾಕುವ ಲೆಕ್ಕ 80 ಗ್ರಾಂ ಒಣ ಪಾಸ್ತಾ. ಅದರಲ್ಲಿ ಸುಮಾರು 285 ಕ್ಯಾಲೊರಿ, 10 ಗ್ರಾಂ ಪ್ರೋಟೀನ್. ಒಂದೂವರೆ ಟೇಬಲ್ ಚಮಚ ಆಲಿವ್ ಎಣ್ಣೆ, ಟೊಮ್ಯಾಟೊ, ಮೇಲೊಂದಿಷ್ಟು ಚೀಸ್ ಸೇರಿಸಿದರೂ 550ರ ಒಳಗೇ ಮುಗಿಯುತ್ತದೆ. ನಮ್ಮ ಬೆಂಗಳೂರಿನ ವೈಟ್ ಸಾಸ್ ಪಾಸ್ತಾದಲ್ಲಿ ಕತೆ ಬೇರೆ. ಪಾಸ್ತಾ 100 ಗ್ರಾಂ ದಾಟಿರುತ್ತದೆ, ಜೊತೆಗೆ ಮೈದಾ, ಬೆಣ್ಣೆ, ಹಾಲು, ಕ್ರೀಮ್, ಚೀಸ್. ಒಂದೇ ಬಟ್ಟಲು 900 ಮುಟ್ಟುವುದು ಕಷ್ಟವೇನಲ್ಲ. ಕಾಲು ಭಾಗ ಕೊಬ್ಬಿರುವ ಫ್ರೆಶ್ ಕ್ರೀಮ್ 100 ಮಿ.ಲೀ. ಬಿದ್ದರೆ ಅದೊಂದೇ ಸುಮಾರು 240.

ಪಿಂಕ್ ಸಾಸ್ ಅಂದರೆ ಅರ್ಧ ವೈಟ್, ಅರ್ಧ ರೆಡ್. ಅದನ್ನು ಮಧ್ಯದ ದಾರಿ ಅಂದುಕೊಂಡು ತರಿಸುವವರು ಬಹಳ, ಆದರೆ ಕ್ರೀಮ್ ಅದರಲ್ಲೂ ಧಾರಾಳವಾಗಿಯೇ ಇರುತ್ತದೆ. ನನ್ನ ಆಯ್ಕೆ ಅರಾಬಿಯಾಟಾ ಅಥವಾ ಪೊಮೊಡೊರೊ: ಟೊಮ್ಯಾಟೊ, ಬೆಳ್ಳುಳ್ಳಿ, ಮೆಣಸಿನಕಾಯಿ ಇಲ್ಲವೇ ತುಳಸಿಯ ಜಾತಿಯ ಬೇಸಿಲ್, ಆಲಿವ್ ಎಣ್ಣೆ. ಇಲ್ಲೂ ಒಂದು ಮಾತು ಕೇಳಲೇಬೇಕು. ನಮ್ಮ ಕಡೆ ಎಷ್ಟೋ ಅಡುಗೆಮನೆಗಳಲ್ಲಿ ಟೊಮ್ಯಾಟೊ ಹುಳಿ ಅಂತ ರೆಡ್ ಸಾಸ್‌ಗೆ ಕೊನೆಯಲ್ಲಿ ಬೆಣ್ಣೆ, ಸ್ವಲ್ಪ ಕ್ರೀಮ್, ಸಕ್ಕರೆ ಸೇರಿಸುತ್ತಾರೆ. "ಹೆಲ್ದಿಯಾಗಿ ಮಾಡಿಕೊಡಿ" ಅಂದರೆ ಯಾರಿಗೂ ಅರ್ಥವಾಗುವುದಿಲ್ಲ. ನಾನು ಹೇಳುವುದು ಇಷ್ಟು: "ಕ್ರೀಮ್, ಬೆಣ್ಣೆ ಎರಡೂ ಬೇಡ. ಎಣ್ಣೆ ಒಂದೇ ಚಮಚ ಸಾಕು. ಚೀಸ್ ಬೇರೆ ಬಟ್ಟಲಲ್ಲಿ ಕೊಡಿ." ಹೀಗೆ ಬಿಡಿಸಿ ಹೇಳಿದರೆ ಸರ್ವರ್ ಅದನ್ನು ಹಾಗೇ ಬರೆದುಕೊಳ್ಳುತ್ತಾರೆ, ಒಳಗೆ ಹಾಗೇ ಆಗುತ್ತದೆ.

ಮೋಸ ಹೋಗುವ ಜಾಗ ಆಲಿಯೊ ಎ ಓಲಿಯೊ, ಅಂದರೆ ಬೆಳ್ಳುಳ್ಳಿ, ಆಲಿವ್ ಎಣ್ಣೆಯ ಪಾಸ್ತಾ. ಕ್ರೀಮಿಲ್ಲ, ಚೀಸ್ ಕಡಿಮೆ, ನೋಡಲು ಹಗುರ. ಆದರೆ ಅದರ ಸಾಸ್ ಅಂದರೆ ಎಣ್ಣೆಯೇ. ಸರಿಯಾಗಿ ಮಾಡುವವರು ಬೆಳ್ಳುಳ್ಳಿ ಹೊಂಬಣ್ಣಕ್ಕೆ ಬಂದ ಕೂಡಲೇ ಪಾಸ್ತಾ ಬೇಯಿಸಿದ ನೀರನ್ನು ಒಂದು ಸೌಟು ಹಾಕಿ ಬಾಣಲೆಯನ್ನು ಜೋರಾಗಿ ಕುಲುಕುತ್ತಾರೆ. ನೀರಿನಲ್ಲಿರುವ ಗಂಜಿ ಎಣ್ಣೆಯನ್ನು ಹಿಡಿದುಕೊಂಡು ಮಂದವಾದ, ಮಸುಕಾದ ಸಾಸ್ ಆಗಿ ಎಳೆಗೆ ಅಂಟುತ್ತದೆ. ಹೀಗೆ ಮಾಡಿದಾಗ ಒಂದೂವರೆ ಚಮಚ ಎಣ್ಣೆಯಲ್ಲೇ ತಟ್ಟೆ ತುಂಬಾ ಹೊಳಪು ಬರುತ್ತದೆ. ಮೊದಲೇ ಬೇಯಿಸಿ ಫ್ರಿಜ್ಜಿನಲ್ಲಿಟ್ಟ ಪಾಸ್ತಾ ಬಳಸುವಲ್ಲಿ ಆ ಗಂಜಿನೀರು ಇರುವುದಿಲ್ಲ, ಹಾಗಾಗಿ ಒಣಗದಿರಲಿ ಅಂತ ಎಣ್ಣೆಯನ್ನೇ ಸುರಿಯುತ್ತಾರೆ. ತಟ್ಟೆಯನ್ನು ಸ್ವಲ್ಪ ವಾಲಿಸಿ ನೋಡಿ. ತಳದಲ್ಲಿ ಹಳದಿ ಎಣ್ಣೆ ಹರಿದರೆ ಮೂರು ಚಮಚಕ್ಕೆ ಕಡಿಮೆ ಇರುವುದಿಲ್ಲ. ಟೇಬಲ್ ಚಮಚಕ್ಕೆ 120 ಕ್ಯಾಲೊರಿ, ಲೆಕ್ಕ ಹಾಕಿಕೊಳ್ಳಿ. ಹಾಗೆ ಬಂದಾಗ ನಾನು ಫೋರ್ಕಿನಲ್ಲಿ ಪಾಸ್ತಾ ಎತ್ತಿ ಬೇರೆ ತಟ್ಟೆಗೆ ಹಾಕಿಕೊಳ್ಳುತ್ತೇನೆ, ಎಣ್ಣೆ ಅಲ್ಲೇ ಉಳಿಯುತ್ತದೆ. ಬೇಸಿಲ್ ಎಲೆ ಅರೆದು ಮಾಡುವ ಪೆಸ್ಟೊ ಸಾಸ್ ಕೂಡ ಇದೇ ಗುಂಪಿನದು. ಹಸಿರಾಗಿದೆ ಅಂತ ಸೊಪ್ಪಿನ ಪಲ್ಯದ ಲೆಕ್ಕಕ್ಕೆ ಸೇರಿಸಬೇಡಿ. ಅದರಲ್ಲಿ ಎಣ್ಣೆ, ಚೀಸ್, ಪೈನ್ ಬೀಜ ಮೂರೂ ಇವೆ.

ತೌಡು ಸಮೇತದ ಇಡೀ ಗೋಧಿಯ (ಹೋಲ್ ವೀಟ್) ಪಾಸ್ತಾ ಕೇಳಿ ಪಡೆಯುವವರಿಗೆ ನಾರಿನಂಶ ಹೆಚ್ಚು ಸಿಗುತ್ತದೆ, ಒಳ್ಳೆಯದೇ. ಕ್ಯಾಲೊರಿಯಲ್ಲಿ ಮಾತ್ರ ಹೇಳಿಕೊಳ್ಳುವಂಥ ಉಳಿತಾಯ ಇಲ್ಲ. ಅದಕ್ಕಿಂತ ಅಲ್ ಡೆಂಟೆ, ಅಂದರೆ ಕಚ್ಚಿದರೆ ನಡುವೆ ಸ್ವಲ್ಪ ಬಿರುಸು ಸಿಗುವ ಹಾಗೆ ಬೇಯಿಸಲು ಹೇಳುವುದು ಮೇಲು. ಅತಿಯಾಗಿ ಬೆಂದದ್ದಕ್ಕಿಂತ ಅದು ನಿಧಾನವಾಗಿ ಜೀರ್ಣವಾಗುತ್ತದೆ, ಅಗಿಯಲೂ ಹೊತ್ತು ಹಿಡಿಯುತ್ತದೆ.

ಪಿಜ್ಜಾ ತಿನ್ನಬಾರದು ಅಂತ ನಾನು ಹೇಳುವುದಿಲ್ಲ. ನೇಪಲ್ಸ್ ಶೈಲಿಯ ಪಿಜ್ಜಾಗೆ 200ರಿಂದ 280 ಗ್ರಾಂ ಹಿಟ್ಟಿನ ಉಂಡೆ ತೆಗೆದುಕೊಳ್ಳುತ್ತಾರೆ. 250 ಗ್ರಾಂ ಉಂಡೆಯಲ್ಲಿ ಒಣ ಮೈದಾ ಸುಮಾರು 150 ಗ್ರಾಂ, ಅಂದರೆ ಮನೆಯ ಐದು ಚಪಾತಿಯ ಹಿಟ್ಟು. ಮೇಲೆ 80–100 ಗ್ರಾಂ ಮೊಝರೆಲ್ಲಾ ಚೀಸ್, ಸ್ವಲ್ಪ ಎಣ್ಣೆ. ಇಡೀ ಮಾರ್ಗರಿಟಾ 800 ದಾಟುತ್ತದೆ. ಇಬ್ಬರಿಗೆ ಒಂದು ಹೇಳಿ, ಮೊದಲು ಮಿನೆಸ್ಟ್ರೋನೆ ಸೂಪ್ ಕುಡಿದರೆ ಅರ್ಧ ಪಿಜ್ಜಾ ಸಾಕಾಗುತ್ತದೆ. ಮಿನೆಸ್ಟ್ರೋನೆಯಲ್ಲಿ ತರಕಾರಿ, ಕಾಳು ಇರುತ್ತವೆ, ಹೊಟ್ಟೆ ಹಿಡಿಯುತ್ತದೆ. "ಕ್ರೀಮ್ ಆಫ್" ಅಂತ ಶುರುವಾಗುವ ಸೂಪ್ ಬೇಡ. ಚೀಸ್ ಬರ್ಸ್ಟ್, ಎಕ್ಸ್‌ಟ್ರಾ ಚೀಸ್ ಮುಟ್ಟದೆ ಅಣಬೆ, ಈರುಳ್ಳಿ, ಕ್ಯಾಪ್ಸಿಕಂ, ರಾಕೆಟ್ ಸೊಪ್ಪು ಹಾಕಿಸಿಕೊಳ್ಳಿ. 10 ಅಥವಾ ಹೆಚ್ಚು ಮಳಿಗೆಗಳಿರುವ ಸರಣಿ ರೆಸ್ಟೋರೆಂಟ್‌ಗಳು ಮೆನುವಿನಲ್ಲಿ ಕ್ಯಾಲೊರಿ ತೋರಿಸಬೇಕೆಂಬ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮವಿದೆ. ಅದನ್ನು ಓದುವಾಗ ಆ ಅಂಕಿ ಇಡೀ ಪಿಜ್ಜಾದ್ದೋ ಒಂದು ಭಾಗದ್ದೋ ಅಂತ ಗಮನಿಸಿ.

ಸಸ್ಯಾಹಾರಿಗಳಿಗೆ ಇಲ್ಲಿ ನಿಜವಾದ ಕಷ್ಟ ಪ್ರೋಟೀನಿನದು. ಮಾಂಸಾಹಾರಿಗಳು ಗ್ರಿಲ್ ಮಾಡಿದ ಮೀನು ಅಥವಾ ಕೋಳಿಯ ಜೊತೆ ತರಕಾರಿ ಹೇಳಿ ನಿಶ್ಚಿಂತೆಯಿಂದ ಇರಬಹುದು, ಪಾಸ್ತಾ ಪಕ್ಕದವರದ್ದು ನಾಲ್ಕು ತುತ್ತು ಸಾಕು. ನಮಗೆ ಉಳಿಯುವುದು ಕಾಳು ಮತ್ತು ಚೀಸ್. ಬಿಳಿ ಬೀನ್ಸ್ ಅಥವಾ ಕಾಬೂಲಿ ಕಡಲೆ ಇರುವ ಸಲಾಡ್ ಇದ್ದರೆ ಅದೇ ಮೊದಲು. ಟೊಮ್ಯಾಟೊ, ಮೊಝರೆಲ್ಲಾ, ಬೇಸಿಲ್‌ನ ಕಪ್ರೇಸೆ ಸಲಾಡ್ ಕೂಡ ಒಳ್ಳೆಯದು, ಆದರೆ ಅದರ ಮೊಝರೆಲ್ಲಾ 100 ಗ್ರಾಂಗೆ 250 ಕ್ಯಾಲೊರಿಗೂ ಹೆಚ್ಚು, ಇಬ್ಬರು ಹಂಚಿಕೊಳ್ಳಬೇಕು. ಮೇಲೆ ಗೀಚಿರುವ ಕಪ್ಪು ಬಾಲ್ಸಾಮಿಕ್ ಗ್ಲೇಜ್ ಸಿಹಿಯದು. ಎಗ್‌ಪ್ಲಾಂಟ್ ಪಾರ್ಮಿಜಾನಾ ಅಂದರೆ ಬದನೆಕಾಯಿ ತಾನೇ ಅಂತ ತರಿಸಬೇಡಿ, ಬಹುತೇಕ ಕಡೆ ಬದನೆಯನ್ನು ಎಣ್ಣೆಯಲ್ಲಿ ಕರಿದೇ ಮಾಡುತ್ತಾರೆ, ಅದು ಎಣ್ಣೆ ಕುಡಿಯುವುದು ನಮಗೆ ಗೊತ್ತೇ ಇದೆ. ಇನ್ನೊಂದು ವಿಷಯ: ಅಸಲಿ ಪಾರ್ಮಿಜಾನೊ ರೆಜ್ಜಾನೊ ಚೀಸನ್ನು ಕರುವಿನ ಜಠರದಿಂದ ತೆಗೆದ, ಹಾಲು ಒಡೆಸುವ ರೆನೆಟ್ ಹಾಕಿಯೇ ಮಾಡುವುದು. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಯಾವ ಚೀಸ್ ಅಂತ ವಿಚಾರಿಸಿಕೊಳ್ಳಬೇಕು.

ಗಾರ್ಲಿಕ್ ಬ್ರೆಡ್, ಪಾಸ್ತಾ, ಪಿಜ್ಜಾ, ಡೆಸರ್ಟ್: ಈ ನಾಲ್ಕರಲ್ಲಿ ಒಂದನ್ನು ಮಾತ್ರ ಪೂರ್ತಿ ಇಟ್ಟುಕೊಳ್ಳುತ್ತೇನೆ. ಬ್ರೆಡ್ ಬುಟ್ಟಿ ಟೇಬಲ್ಲಿಗೆ ಬರುವ ಮೊದಲೇ ಬೇಡ ಅಂದುಬಿಡುವುದು ಸುಲಭ, ಬಂದ ಮೇಲೆ ಕೈ ನಿಲ್ಲುವುದಿಲ್ಲ. ಇದಕ್ಕೇ ಹಸಿದುಕೊಂಡು ಹೋಗಬಾರದು. ಹೊರಡುವ ಗಂಟೆ ಮೊದಲು ಒಂದು ಲೋಟ ಮಜ್ಜಿಗೆ, ಒಂದು ಹಿಡಿ ಹೆಸರುಕಾಳು ಉಸಲಿ ತಿಂದಿದ್ದರೆ ಆರ್ಡರ್ ಕೊಡುವಾಗ ಬುದ್ಧಿ ಸ್ಥಿಮಿತದಲ್ಲಿರುತ್ತದೆ. ಕುಡಿಯಲು ಸಕ್ಕರೆ ಹಾಕದ ಲೈಮ್ ಸೋಡಾ. ವೈನ್ ಆದರೆ 150 ಮಿ.ಲೀ. ಗ್ಲಾಸಿಗೆ 120 ಕ್ಯಾಲೊರಿ. ಸಿಹಿ ಬೇಕೇ ಬೇಕು ಅನ್ನಿಸಿದರೆ ಕೆನೆಯಂಥ ಚೀಸಿನಿಂದ ಮಾಡುವ ಟಿರಾಮಿಸು ಬದಲು ಅಫೊಗಾಟೊ, ಅಂದರೆ ಒಂದು ಸ್ಕೂಪ್ ಐಸ್‌ಕ್ರೀಮ್ ಮೇಲೆ ಬಿಸಿ ಎಸ್ಪ್ರೆಸ್ಸೊ.

ಮರುದಿನ ಬೆಳಿಗ್ಗೆ ತೂಕದ ಯಂತ್ರ ಮುಕ್ಕಾಲು ಕೆ.ಜಿ., ಒಂದು ಕೆ.ಜಿ. ಹೆಚ್ಚು ತೋರಿಸಬಹುದು. ಪಾಸ್ತಾ ಬೇಯಿಸುವ ನೀರಿನಲ್ಲಿ, ಚೀಸಿನಲ್ಲಿ, ಆಲಿವ್ ಕಾಯಿಯಲ್ಲಿ ಉಪ್ಪು ಜಾಸ್ತಿ, ಪಿಷ್ಟವೂ ದೇಹದಲ್ಲಿ ಗ್ಲೈಕೋಜನ್ (ದೇಹ ಕೂಡಿಡುವ ಸಕ್ಕರೆಯ ರೂಪ) ಆಗಿ ಕೂರುವಾಗ ನೀರನ್ನು ಹಿಡಿದಿಡುತ್ತದೆ. ಆ ತೂಕ ಬಹುಪಾಲು ನೀರು. ಅದಕ್ಕೆ ಹೆದರಿ ಉಪವಾಸ ಮಾಡಿದರೆ ಸಂಜೆ ಹಸಿವು ತಡೆಯದೆ ಇನ್ನಷ್ಟು ತಿನ್ನುತ್ತೇವೆ. ಎಂದಿನ ತಿಂಡಿ, ಎಂದಿನ ಊಟ ಮಾಡಿ, ಮೂರ್ನಾಲ್ಕು ದಿನ ಬಿಟ್ಟು ಯಂತ್ರದ ಮೇಲೆ ನಿಲ್ಲಿ.